ಬೆಲೆ ಏರುವಾಗಲೇ ಲೆಕ್ಕ ಕೇಳು

ನೋಡು ಮಗಳೇ, ಹಣಕಾಸಿನ ವರದಿಗಾರ್ತಿ ಆಗಬೇಕು, ಮುಂದೆ ಸಾಕ್ಷ್ಯಚಿತ್ರ ಮಾಡಬೇಕು ಅಂತೀಯ. ಆಗಲಿ, ಮಾಡು. ಷೇರುಪೇಟೆಯ ಪರಿಭಾಷೆ ಬಾಯಿಪಾಠ ಮಾಡುವ ಮೊದಲು ಐರ್ಲೆಂಡಿನ ರಿಚರ್ಡ್ ಕರನ್ ಅವರ ಅನುಭವ ತಿಳಿದುಕೋ. ಈ ಕಸುಬಿನಲ್ಲಿ ಸರಿಯಾದ ಪ್ರಶ್ನೆ ಕೇಳಿದವರಿಗೆ ಮೊದಲು ಸಿಗುವುದು ಬೈಗುಳ.

2006ರ ಹೊತ್ತಿಗೆ ಐರ್ಲೆಂಡಿನಲ್ಲಿ ಮನೆ ಕೊಳ್ಳುವುದು ಹುಚ್ಚಾಗಿತ್ತು. ಜನಸಂಖ್ಯೆ ಸುಮಾರು 42 ಲಕ್ಷ. ಆ ಒಂದೇ ವರ್ಷ ಕಟ್ಟಿದ ಮನೆಗಳು 90,000ದ ಆಸುಪಾಸು. ಬೆಲೆ ಇಳಿಯುವುದೇ ಇಲ್ಲ ಎಂದು ಬ್ಯಾಂಕಿನವರು, ಬಿಲ್ಡರುಗಳು, ಮಂತ್ರಿಗಳು ಎಲ್ಲರೂ ಹೇಳುತ್ತಿದ್ದರು. ವಾಣಿಜ್ಯ ಪತ್ರಕರ್ತ ಕರನ್ 2007ರ ಏಪ್ರಿಲ್‌ನಲ್ಲಿ ಅಲ್ಲಿನ ಸಾರ್ವಜನಿಕ ವಾಹಿನಿ ಆರ್‌ಟಿಇಯಲ್ಲಿ 'ಫ್ಯೂಚರ್ ಶಾಕ್: ಪ್ರಾಪರ್ಟಿ ಕ್ರ್ಯಾಶ್' ಎಂಬ ಸಾಕ್ಷ್ಯಚಿತ್ರ ನಿರೂಪಿಸಿದರು. ಬೆಲೆ ಕುಸಿದರೆ ಏನು ಗತಿ ಎಂದು ಕೇಳಿದ್ದಷ್ಟೇ. ಬೇಜವಾಬ್ದಾರಿ, ಸುಮ್ಮನೆ ಜನರನ್ನು ಹೆದರಿಸುತ್ತಿದ್ದಾರೆ ಎಂದು ಟೀಕೆ ಸುರಿಯಿತು. ಆ ಜುಲೈನಲ್ಲಿ ಪ್ರಧಾನಿ ಬರ್ಟಿ ಅಹರ್ನ್ ಕೂಡ, ಬದಿಯಲ್ಲಿ ಕೂತು ಗೊಣಗುವವರ ಬಗ್ಗೆ ಆಡಬಾರದ ಮಾತಾಡಿ, ಆಮೇಲೆ ಕ್ಷಮೆ ಕೇಳಬೇಕಾಯಿತು. ಮುಂದಿನ ಐದಾರು ವರ್ಷಗಳಲ್ಲಿ ಮನೆಗಳ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಬಿತ್ತು.

ಇಂಥ ಪ್ರಶ್ನೆ ಕೇಳುವುದಕ್ಕೆ ಗುಟ್ಟಿನ ದಾಖಲೆ ಬೇಕು ಅಂದುಕೊಳ್ಳಬೇಡ. ಡಬ್ಲಿನ್ನಿನ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮಾರ್ಗನ್ ಕೆಲ್ಲಿ 2006ರ ಕೊನೆಯಲ್ಲೇ ಪತ್ರಿಕೆಯಲ್ಲಿ ಎಚ್ಚರಿಸಿದ್ದರು. ಅವರ ಬಳಿ ಇದ್ದದ್ದು ಬೇರೆ ದೇಶಗಳಲ್ಲಿ ಹಿಂದೆ ಮನೆ ಬೆಲೆ ಏರಿ ಇಳಿದ ಅಂಕಿಗಳು, ಯಾರು ಬೇಕಾದರೂ ನೋಡಬಹುದಾದವು. ಎಷ್ಟು ಏರಿತ್ತೋ ಅದಕ್ಕೆ ತಕ್ಕಂತೆ ಇಳಿದಿದೆ ಎಂಬುದು ಅವುಗಳಲ್ಲೇ ಇತ್ತು. ಹಾಗಾಗಿ ಹಳೆಯ ಅಂಕಿಗಳನ್ನು ಓದುವ ತಾಳ್ಮೆ ಬೆಳೆಸಿಕೋ.

ಲೆಕ್ಕಪತ್ರ ಓದುವಾಗ ಅದರ ತಾರೀಖು ನೋಡು. ಬ್ಯಾಲೆನ್ಸ್ ಶೀಟ್ ಹೇಳುವುದು ಒಂದು ದಿನದ ಸ್ಥಿತಿಯನ್ನು ಮಾತ್ರ. ಆಂಗ್ಲೋ ಐರಿಷ್ ಬ್ಯಾಂಕಿನ ಅಧ್ಯಕ್ಷ ಶಾನ್ ಫಿಟ್ಜ್‌ಪ್ಯಾಟ್ರಿಕ್ ತಮ್ಮದೇ ಬ್ಯಾಂಕಿನಿಂದ ದೊಡ್ಡ ಸಾಲ ಪಡೆದಿದ್ದರು. ವರ್ಷಾಂತ್ಯ ಬಂತೆಂದರೆ ಆ ಸಾಲ ಇನ್ನೊಂದು ಸಂಸ್ಥೆಗೆ ಹೋಗಿ, ಲೆಕ್ಕ ಮುಗಿದ ಮೇಲೆ ವಾಪಸು ಬರುತ್ತಿತ್ತು. ನೆಂಟರು ಬರುವ ದಿನ ಮಾತ್ರ ಮನೆ ಗುಡಿಸಿದ ಹಾಗೆ. ಇದು ಹೊರಬಿದ್ದು ಅವರು 2008ರ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟರು; ಮುಂದಿನ ತಿಂಗಳೇ ಸರ್ಕಾರ ಆ ಬ್ಯಾಂಕನ್ನು ವಹಿಸಿಕೊಂಡಿತು.

ನಿನ್ನ ಸಂಬಳ ಎಲ್ಲಿಂದ ಬರುತ್ತದೆ ಎನ್ನುವುದನ್ನೂ ಮರೆಯಬೇಡ. ಆ ವರ್ಷಗಳಲ್ಲಿ ಐರಿಷ್ ಪತ್ರಿಕೆಗಳ ಪುರವಣಿಗಳು ಮನೆ ಮಾರಾಟದ ಜಾಹೀರಾತುಗಳಿಂದ ಉಬ್ಬಿದ್ದವು. 'ದಿ ಐರಿಷ್ ಟೈಮ್ಸ್' 2006ರಲ್ಲಿ 5 ಕೋಟಿ ಯೂರೊ ಕೊಟ್ಟು ಮನೆ ಮಾರಾಟದ ಜಾಲತಾಣವನ್ನೇ ಕೊಂಡಿತ್ತು. ಕೆಲ್ಲಿಯವರ ಎಚ್ಚರಿಕೆ ಅಚ್ಚಾದದ್ದೂ ಅದೇ ಪತ್ರಿಕೆಯಲ್ಲಿ. ಜಾಹೀರಾತು ಪಡೆದ ಪತ್ರಿಕೆಗಳೆಲ್ಲ ಸುಳ್ಳು ಬರೆದವು ಅನ್ನುತ್ತಿಲ್ಲ. ಆದರೆ ಬ್ಯಾಂಕುಗಳ ಕುಸಿತದ ತನಿಖೆ ನಡೆಸಿದ ಪೀಟರ್ ನೈಬರ್ಗ್ 2011ರ ವರದಿಯಲ್ಲಿ, ಆಸ್ತಿಯ ಹುಚ್ಚಿಗೆ ಮಾಧ್ಯಮಗಳೂ ಉತ್ಸಾಹದಿಂದ ದನಿಗೂಡಿಸಿದವು ಎಂದು ಹೇಳಿದರು. ಜಾಹೀರಾತು ಕೊಡುವವರ ಸುದ್ದಿ ಬರೆಯುವಾಗ ಎರಡು ಪಟ್ಟು ಹುಷಾರಾಗಿರು.

ಸಾಕ್ಷ್ಯಚಿತ್ರ ಮಾಡುವಾಗ ದೊಡ್ಡ ಸಂಖ್ಯೆಯನ್ನು ಹಾಗೇ ಪರದೆಯ ಮೇಲೆ ಎಸೆಯಬೇಡ. ಬ್ಯಾಂಕುಗಳನ್ನು ಉಳಿಸಲು ಐರಿಷ್ ಸರ್ಕಾರ ಸುರಿದದ್ದು ಸುಮಾರು 6,400 ಕೋಟಿ ಯೂರೊ. ಕೇಳಿದವರ ಕಿವಿಯಲ್ಲಿ ಇದು ನಿಲ್ಲುವುದಿಲ್ಲ. ಆಗಿನ ಸುಮಾರು 45 ಲಕ್ಷ ಜನಕ್ಕೆ ಭಾಗಿಸು: ತಲೆಗೆ 14,000 ಯೂರೊ, ತೊಟ್ಟಿಲ ಕೂಸಿಗೂ ಸೇರಿ. ಆಮೇಲೆ ಕ್ಯಾಮೆರಾ ಹಿಡಿದು ಹೊರಡು. 2010ರ ಸರ್ಕಾರಿ ಸಮೀಕ್ಷೆಯಲ್ಲಿ ಅರ್ಧಕ್ಕೆ ನಿಂತ ಬಡಾವಣೆಗಳು 2,800ಕ್ಕಿಂತ ಹೆಚ್ಚಿದ್ದವು. ಅಂಥ ಒಂದು ಬಡಾವಣೆಯಲ್ಲಿ ಬೀದಿದೀಪವಿಲ್ಲದೆ, ಕಂತು ಕಟ್ಟುತ್ತಾ ಬದುಕುವ ಒಂದು ಸಂಸಾರವನ್ನು ಮಾತಾಡಿಸಿದರೆ ಆ ಸಂಖ್ಯೆಗೆ ಮುಖ ಬರುತ್ತದೆ.

ಇನ್ನೊಂದು ಮಾತು. ಇಂಥ ದಿನವೇ ಬೀಳುತ್ತದೆ ಎಂದು ಜೋಯಿಸರ ಹಾಗೆ ದಿನ ಹೇಳಲು ಹೋಗಬೇಡ. ಏಕೆ ಬೀಳಬಹುದು ಎಂಬುದನ್ನು ಬಿಡಿಸಿ ಹೇಳು, ಸಾಕು. ನಿನ್ನ ಮಾತು ನಿಜವಾದ ದಿನ ಬೀಗಬೇಡ. ನಿನ್ನ ಮಾತು ನಿಜವಾಯಿತು ಅಂದರೆ ಯಾರದೋ ಕೆಲಸ ಹೋಗಿರುತ್ತದೆ, ಯಾರೋ ಮಗನನ್ನು ಆಸ್ಟ್ರೇಲಿಯಾಕ್ಕೋ ಕೆನಡಾಕ್ಕೋ ಕಳಿಸಿರುತ್ತಾರೆ.

ಎಲ್ಲರೂ ಖುಷಿಪಡುವ ಹಣದ ಸುದ್ದಿ ಮೇಜಿಗೆ ಬಂದಾಗ ಮೂರು ಪ್ರಶ್ನೆ ಕೇಳು. ಈ ಸಾಲ ಯಾರದು? ಯಾವ ಆದಾಯದಿಂದ ತೀರಿಸುತ್ತಾರೆ? ತೀರದಿದ್ದರೆ ಯಾರ ತಲೆಗೆ ಬರುತ್ತದೆ? ಐರ್ಲೆಂಡಿನ ಜನಕ್ಕೆ ಮೂರನೆಯದರ ಉತ್ತರ ಗೊತ್ತಾದದ್ದು 2008ರ ಸೆಪ್ಟೆಂಬರ್ 30ರ ಬೆಳಗ್ಗೆ. ರಾತ್ರೋರಾತ್ರಿ ಅವರ ಸರ್ಕಾರ ಬ್ಯಾಂಕುಗಳ ಸುಮಾರು 44,000 ಕೋಟಿ ಯೂರೊ ಹೊಣೆಗೆ ಜಾಮೀನು ನಿಂತಿತ್ತು. ಆ ಪ್ರಶ್ನೆಯನ್ನು ಬೆಲೆ ಏರುತ್ತಿರುವಾಗಲೇ ಕೇಳು. ಇಳಿದ ಮೇಲೆ ಕೇಳುವವರು ಬೇಕಾದಷ್ಟು ಜನ ಇರುತ್ತಾರೆ.