‘ಲಿಮಿಟೆಡ್’ ಎಂಬ ವಿಶೇಷಣ

ಕಂಪನಿಗಳ ಹೆಸರಿನ ಕೊನೆಯಲ್ಲಿ ಬರುವ ‘ಲಿಮಿಟೆಡ್’ ಎಂಬ ಆಂಗ್ಲಪದವು ಒಂದು ವಿಶೇಷಣ. ಎಲ್ಲೆ ಎಂಬರ್ಥದ ಲ್ಯಾಟಿನ್ ಶಬ್ದವೇ ಇದರ ಮೂಲ. ವಿಶೇಷಣವಿದ್ದಲ್ಲಿ ವಿಶೇಷ್ಯವೂ ಇರಬೇಕಷ್ಟೆ. ಹಾಗಾದರೆ ಇಲ್ಲಿ ಎಲ್ಲೆಗೊಳಪಟ್ಟುದು ಯಾವುದು? ಕಂಪನಿಯ ವ್ಯವಹಾರವೆಂದು ಬಗೆಯುವವರುಂಟು, ಅದು ಸಾಧುವಲ್ಲ. ‘ಹೊಣೆ’ ಎಂಬ ವಿಶೇಷ್ಯವನ್ನು ಅಧ್ಯಾಹಾರ ಮಾಡಿಕೊಳ್ಳಬೇಕು. ಅದೂ ಕಂಪನಿಯ ಹೊಣೆಯಲ್ಲ, ಷೇರುದಾರರ ಹೊಣೆ.

100 ರೂಪಾಯಿಯ ಷೇರಿಗೆ 60 ರೂಪಾಯಿ ತೆತ್ತವನು, ಕಂಪನಿ ಮುಳುಗಿದರೆ, ಉಳಿದ 40 ರೂಪಾಯಿಗೆ ಮಾತ್ರ ಬಾಧ್ಯನು. ತಾನೇ ಜಾಮೀನು ನಿಂತಿರದಿದ್ದರೆ, ಕಂಪನಿಯ ಸಾಲಕ್ಕಾಗಿ ಅವನ ಮನೆ ಹೊಲಗಳು ಹೋಗವು. ಇಂಗ್ಲೆಂಡಿನ 1855ರ ಶಾಸನವು ಈ ಸೌಲಭ್ಯವನ್ನಿತ್ತು, ಅದನ್ನು ಪಡೆದ ಕಂಪನಿಯು ತನ್ನ ಹೆಸರಿನ ಕೊನೆಗೆ ಈ ಪದವನ್ನು ಧರಿಸತಕ್ಕದ್ದೆಂದು ವಿಧಿಸಿತು. ಆದುದರಿಂದ ಇದು ಬಿರುದಲ್ಲ. ಸಾಲ ಕೊಡುವವರಿಗೆ ಎಚ್ಚರಿಕೆ.

ಕನ್ನಡದಲ್ಲಿ ಇದಕ್ಕೆ ‘ನಿಯಮಿತ’ ಎಂಬ ಪದ ರೂಢವಾಗಿದೆ. ‘ನಿಯಮಿತವಾಗಿ ಶಾಲೆಗೆ ಬರುವ ವಿದ್ಯಾರ್ಥಿ’ ಎಂಬಲ್ಲಿ ಅದು ಕ್ರಮವನ್ನು ಸೂಚಿಸಿದರೆ, ಸಹಕಾರ ಸಂಘದ ಫಲಕದಲ್ಲಿ ಮಿತಿಯನ್ನು ಸೂಚಿಸುತ್ತದೆ. ಶಬ್ದ ಒಂದೇ, ಅರ್ಥ ಎರಡು. ಫಲಕವನ್ನೋದುವ ವಿದ್ಯಾರ್ಥಿಗೆ ‘ಯಾರ ಹೊಣೆಗೆ, ಎಷ್ಟರ ಎಲ್ಲೆ?’ ಎಂದು ಕೇಳುವ ಅಭ್ಯಾಸವಾದರೆ ವ್ಯಾಕರಣದ ಪಾಠವು ಬಾಳಿಗೂ ಒದಗುವುದು.