ಮಾತುಗಾರ ಆಮೆ: ನೀತಿ ಯಾರಿಗೆ?

ಹೆಬ್ರಿಯಲ್ಲಿ ಅಭ್ಯಾಸ ಬೋಧನೆಯ ವೇಳೆ ಸರೀಸೃಪಗಳ ಪಾಠಕ್ಕೆ ಪೀಠಿಕೆಯಾಗಿ ಏಳನೆಯ ತರಗತಿಗೆ ಮಾತುಗಾರ ಆಮೆಯ ಕಥೆ ಹೇಳಿದೆ. ‘ಹೆಚ್ಚು ಮಾತಾಡಬಾರದು’ ಎಂಬ ನೀತಿಯನ್ನೂ ನಾನೇ ಹೇಳಿ ಮುಗಿಸಿದೆ. ಆಮೇಲೆ ಪ್ರಶ್ನೆ ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ದಿನವೂ ಮೊದಲು ಕೈ ಎತ್ತುತ್ತಿದ್ದ ಹುಡುಗಿ, “ಮಾತಾಡಿದ್ರೆ ಆಮೆಯ ಹಾಗೆ ಆಗ್ತದಲ್ಲ ಸರ್?” ಎಂದಳು. ತಪ್ಪು ನನ್ನದೇ.

ಪಂಚತಂತ್ರದಲ್ಲೂ ಇರುವ ಈ ಕಥೆ, 547 ಜಾತಕ ಕಥೆಗಳ ಪಾಲಿ ಸಂಗ್ರಹದಲ್ಲಿ 215ನೆಯದು: ಕಚ್ಛಪ ಜಾತಕ. ಅಲ್ಲಿ ಆಮೆ ಬೀಳುವುದು ವಾರಾಣಸಿಯ ಅರಮನೆಯ ಅಂಗಳಕ್ಕೆ. ಬೇರೆಯವರಿಗೆ ಮಾತಾಡಲು ಎಡೆಯನ್ನೇ ಕೊಡದ ರಾಜನಿಗೆ ಬುದ್ಧಿ ಹೇಳಲು ಕಾದಿದ್ದ ಮಂತ್ರಿ, ಅಂದರೆ ಬೋಧಿಸತ್ವ, ಅದನ್ನೇ ನೆಪ ಮಾಡಿಕೊಳ್ಳುತ್ತಾನೆ. ನೀತಿ ಇರುವುದು ಅಧಿಕಾರದಲ್ಲಿದ್ದವನಿಗೆ. ತರಗತಿಯಲ್ಲಿ ಆ ರಾಜ ನಾನೇ.

ಮರುದಿನ ಅದೇ ಕಥೆಯನ್ನು ರಾಜನಿಂದ ಆರಂಭಿಸಿದೆ. ನೀತಿ ಹೇಳದೆ ಮೂರು ಪ್ರಶ್ನೆ ಕೇಳಿದೆ:

1. ಕೆಳಗಿದ್ದ ಮಕ್ಕಳು ಕೂಗಿದ್ದೇಕೆ?
2. ಹಂಸಗಳು ಈ ಕಥೆಯನ್ನು ಹೇಗೆ ಹೇಳಿಯಾವು?
3. ಇದನ್ನು ಯಾರು ಕೇಳಬೇಕು?

ಮೂರನೆಯದಕ್ಕೆ ಅದೇ ಹುಡುಗಿ ಕೈ ಎತ್ತಿ, “ಮೈಕ್ ಸಿಕ್ಕಿದ್ರೆ ಬಿಡದವರು” ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ನೀತಿಕಥೆಯನ್ನು ತರಗತಿಗೆ ಒಯ್ಯುವ ಮೊದಲು, ಅದನ್ನು ಮೂಲದಲ್ಲಿ ಯಾರು ಯಾರಿಗೆ ಹೇಳಿದರೆಂದು ಓದಿಕೊಳ್ಳಬೇಕು. ಮರುಕಥನದ ದಾರಿ ಅಲ್ಲೇ ಸಿಗುತ್ತದೆ.