ಯರಗಟ್ಟಿಯಿಂದ ಎಲ್ಲಮ್ಮನ ಗುಡ್ಡಕ್ಕೆ: ತಂಡವಾಗಿ ನಡೆಯುವವರಿಗೆ

ಎರಡು ದಿನದ ಬುತ್ತಿ, ಹಾಸಿಗೆ ಬೆನ್ನಿಗೇರಿಸಿಕೊಂಡು ತಂಡವಾಗಿ ನಡೆಯುವ ವಾರಾಂತ್ಯದ ಚಾರಣಿಗರು ಸಾಮಾನ್ಯವಾಗಿ ಸಹ್ಯಾದ್ರಿಯ ಕಡೆಗೇ ಹೊರಡುತ್ತಾರೆ. ಬೆಳಗಾವಿ ಜಿಲ್ಲೆಯ ಯರಗಟ್ಟಿ ಮತ್ತು ಸವದತ್ತಿಯ ನಡುವಿನ ಗುಡ್ಡಗಳು ಎತ್ತರ ಕಡಿಮೆಯೆಂಬ ಕಾರಣಕ್ಕೆ ಅವರ ಲೆಕ್ಕಕ್ಕೆ ಬರುವುದಿಲ್ಲ. ನೆರಳೂ ನೀರೂ ಇಲ್ಲದ ಬೋಳುಗುಡ್ಡದ ಮೇಲೆ ಮಧ್ಯಾಹ್ನವಾಗುವ ಹೊತ್ತಿಗೆ ಈ ಉಪೇಕ್ಷೆ ಕರಗಿಹೋಗುತ್ತದೆ.

ಈ ಗುಡ್ಡಗಳು ಕಲಾದಗಿ ಶಿಲಾಸಮೂಹಕ್ಕೆ, ಅಂದರೆ ಬಾಗಲಕೋಟೆ ಜಿಲ್ಲೆಯ ಕಲಾದಗಿಯ ಹೆಸರಿನಿಂದ ಭೂವಿಜ್ಞಾನಿಗಳು ಗುರುತಿಸುವ ಅತಿ ಪ್ರಾಚೀನ ಮರಳುಗಲ್ಲು ಮತ್ತು ಬೆಣಚುಕಲ್ಲಿನ ಪದರಗಳಿಗೆ ಸೇರಿದವು. ಕಲ್ಲು ಗಟ್ಟಿಯಾಗಿರುವುದರಿಂದ ನೆತ್ತಿ ಚಪ್ಪಟೆಯಾಗಿ ಉಳಿದು ಅಂಚುಗಳು ಕಡಿದಾಗಿವೆ. ಇಳಿಜಾರಿನಲ್ಲಿ ಸಡಿಲವಾದ ಹರಳುಗಳು ಕಾಲಡಿಯಿಂದ ಜಾರುವುದರಿಂದ ಏರುವುದಕ್ಕಿಂತ ಇಳಿಯುವಾಗಲೇ ಹೆಚ್ಚು ಎಚ್ಚರ ಬೇಕು. ಜಾಲಿಮುಳ್ಳು ತೆಳುವಾದ ಅಟ್ಟೆಯನ್ನು ಸುಲಭವಾಗಿ ಚುಚ್ಚಿ ಒಳಬರುತ್ತದೆ. ಮಳೆಗಾಲ ಮುಗಿದ ಮೇಲೆ ಚಳಿ ಇರುವವರೆಗಿನ ತಿಂಗಳುಗಳೇ ಯೋಗ್ಯವಾದವು. ಯುಗಾದಿಯ ನಂತರ ಹೊರಡುವುದು ಶುದ್ಧ ಹಟ.

ಯರಗಟ್ಟಿಯಿಂದ ಮುನವಳ್ಳಿಯವರೆಗಿನ ಎರೆಹೊಲದ ದಾರಿಯಲ್ಲಿ ವಿಶೇಷವೇನೂ ಇಲ್ಲ, ಅದನ್ನು ಬಸ್ಸಿನಲ್ಲೇ ಮುಗಿಸಬೇಕು. ನಡಿಗೆ ಆರಂಭವಾಗಬೇಕಾದದ್ದು ನವಿಲುತೀರ್ಥದಿಂದ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಗುಡ್ಡದ ಸಾಲನ್ನು ಸೀಳಿಕೊಂಡು ಹೊರಬೀಳುವ ಇಕ್ಕಟ್ಟಾದ ಕಣಿವೆ ಇದು. ಇಲ್ಲಿಯೇ ಕಟ್ಟಿದ ಅಣೆಕಟ್ಟೆಯ ಹಿಂದೆ ರೇಣುಕಾಸಾಗರ ನಿಂತಿದೆ. ಅಣೆಕಟ್ಟೆಯ ಮೇಲೆ ನಡೆದು ದಾಟುವ ಯೋಜನೆಯನ್ನು ಅನುಮತಿಯಿಲ್ಲದೆ ಹಾಕಿಕೊಳ್ಳಬಾರದು. ಬೈಲಹೊಂಗಲದ ಕಡೆಯಿಂದ ಬರುವವರಿಗೆ ಸೊಗಲದ ಸೋಮೇಶ್ವರ ದೇವಾಲಯ ಮತ್ತು ಅದರ ಪಕ್ಕದ ಜಲಪಾತ ದಾರಿಯಲ್ಲೇ ಸಿಗುತ್ತವೆ, ಮಳೆ ಚೆನ್ನಾಗಿ ಆದ ವರ್ಷ ಅವನ್ನು ಬಿಡುವುದು ತಪ್ಪು.

ಸವದತ್ತಿಯಲ್ಲಿ ರಾತ್ರಿ ತಂಗಿ, ಬೆಳಗಿನ ಜಾವದಲ್ಲೇ ಪರಸಗಡವನ್ನು ಹತ್ತುವುದು ಉತ್ತಮ. ತಾಲೂಕಿಗೆ ಹಿಂದೆ ತನ್ನ ಹೆಸರನ್ನೇ ಕೊಟ್ಟಿದ್ದ ಈ ಪಾಳುಕೋಟೆಯಲ್ಲಿ ಗೋಡೆಗಳು ಕುಸಿದಿವೆ, ಪೊದೆ ಬೆಳೆದಿದೆ; ಹಾಗಿದ್ದರೂ ಜಲಾಶಯದ ನೋಟಕ್ಕೆ ಇದನ್ನು ಮೀರಿಸಿದ ಜಾಗ ಈ ಭಾಗದಲ್ಲಿಲ್ಲ. ಗಾಳಿಯಂತ್ರಗಳಿಗಾಗಿ ಕಡಿದ ಮಣ್ಣಿನ ರಸ್ತೆಗಳು ಕಾಲುದಾರಿಯೆಂಬ ಭ್ರಮೆ ಹುಟ್ಟಿಸಿ ಕಂಬದ ಬುಡದಲ್ಲಿ ತಂದು ನಿಲ್ಲಿಸುತ್ತವೆ. ದಾರಿ ತೋರಿಸುತ್ತೇವೆಂದು ಬಂದು ಅರ್ಧದಲ್ಲಿ ಹಣ ಏರಿಸುವವರಿಗಿಂತ ಕುರಿ ಕಾಯುವವರನ್ನು ಕೇಳುವುದು ಒಳ್ಳೆಯದು. ತಲೆಗೆ ನಾಲ್ಕು ಲೀಟರ್ ನೀರು ಊರಿನಿಂದಲೇ ಹೊರಬೇಕು.

ಎಲ್ಲಮ್ಮನ ಗುಡ್ಡಕ್ಕೆ, ಅಂದರೆ ಪರಶುರಾಮನ ತಾಯಿ ರೇಣುಕೆಯ ಕ್ಷೇತ್ರಕ್ಕೆ, ನಡೆದೇ ಬರುವ ಭಕ್ತರು ಜೋಗುಳಬಾವಿಯಲ್ಲಿ ಮಿಂದು ಏರುತ್ತಾರೆ. ಚಾರಣಿಗರೂ ಡಾಂಬರು ರಸ್ತೆ ಬಿಟ್ಟು ಅವರ ಹೆಜ್ಜೆ ಹಿಡಿಯುವುದೇ ಸರಿ. ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗಳ ಜಾತ್ರೆಯಲ್ಲಿ ಮಹಾರಾಷ್ಟ್ರದಿಂದಲೂ ಜನ ಬಂದು ನೆರೆಯುತ್ತಾರೆ. ಚಕ್ಕಡಿಯ ನೆರಳಿನಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಹೋಳಿಗೆ, ಕಡಬು, ಅನ್ನ ಮಾಡಿ, ದೇವಿಯ ಹೆಸರಿನಲ್ಲಿ ಬುಟ್ಟಿಗೆ ಎಡೆ ಹಾಕುತ್ತಾರೆ. ಇದಕ್ಕೆ ಪರಡಿ ತುಂಬುವುದು ಎನ್ನುತ್ತಾರೆ. ಗಾಳಿಯಲ್ಲೆಲ್ಲ ಭಂಡಾರದ ಅರಿಶಿನ, ಎಲ್ಲೆಡೆ ‘ಉಧೋ ಉಧೋ’ ಎಂಬ ಘೋಷ. ಹುಣ್ಣಿಮೆಯ ದಿನ ದೊಡ್ಡ ತಂಡವೆಂದರೆ ಒಬ್ಬರಿಗೊಬ್ಬರು ತಪ್ಪಿಸಿಕೊಳ್ಳುವುದು ಖಚಿತವಾದುದರಿಂದ, ಏಳೆಂಟು ಜನಕ್ಕಿಂತ ಹೆಚ್ಚು ಬೇಡ. ಮುತ್ತು ಕಟ್ಟುವ ಪದ್ಧತಿಯನ್ನು, ಅಂದರೆ ಹೆಣ್ಣುಮಕ್ಕಳನ್ನು ದೇವಿಗೆ ಬಿಡುವುದನ್ನು, 1982ರ ಕಾಯ್ದೆ ನಿಷೇಧಿಸಿದೆ; ಹಾಗೆ ಬಿಡಲಾದ ಜೋಗತಿಯರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯುವುದು ಸಣ್ಣತನ.

ಗುಡ್ಡದ ಮೇಲೆ ಟೆಂಟ್ ಹೂಡುವ ಉತ್ಸಾಹಕ್ಕಿಂತ ಯಾತ್ರಿಕರ ವಸತಿಯ ಕೋಣೆಯೇ ಲೇಸು. ಕೆಳಗಿಳಿಸುವ ಟಂಟಂನವರು ಹುಣ್ಣಿಮೆಯಲ್ಲಿ ಕೇಳುವ ದರ ಮಾಮೂಲಿ ದಿನದ ಎರಡು ಮೂರು ಪಟ್ಟಾಗಬಹುದು, ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು. ಭಾನುವಾರ ಸಂಜೆ ಯರಗಟ್ಟಿಯ ಬಸ್ಸುಗಳು ತುಂಬಿಯೇ ಬರುವುದರಿಂದ ನಾಲ್ಕರೊಳಗೆ ಸವದತ್ತಿ ನಿಲ್ದಾಣ ಸೇರಬೇಕು. ತಡವಾದವರಿಗೆ ಧಾರವಾಡದ ಕಡೆಗೆ ಹೋಗುವ ಬಸ್ಸು ಸಿಗುವ ಸಂಭವವೇ ಹೆಚ್ಚು.